ಅಮ್ಮನ ತವರಿನ ಸೇತುವೆ

ನಾನು ಚಿಕ್ಕವಳಾಗಿದ್ದ ಕಾಲಕ್ಕೆ ನಮ್ಮ ಮನೆಯಿಂದ ಯಾರು ಯಾವಾಗ ಊರು ಬಿಟ್ಟು ಹೊರಡಬಹುದು ಎಂದು ತೀರ್ಮಾನಿಸುತ್ತಿದ್ದದ್ದು ರೇಷ್ಮೆ ಹುಳು. ಮದುವೆಯಿರಲಿ, ನಾಮಕರಣವಿರಲಿ, ಕರೆಯಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಆ ಹೊತ್ತಿಗೆ ಹುಳ ಯಾವ ಜ್ವರದಲ್ಲಿರುತ್ತೋ ನೋಡ್ಬೇಕಪ್ಪ." ನಮ್ಮ ಮೇಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಎಲೆ ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳುವಿಗೆ ಹಸಿವೋ ಹಸಿವು. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕದಿದ್ದರೆ ಬೆಳೆ ಕೈಬಿಟ್ಟಿತೆಂದೇ ಲೆಕ್ಕ. ಆದ್ದರಿಂದ ಮನೆಯಲ್ಲಿ ಯಾರಾದರೂ ಒಬ್ಬರು ಉಳಿಯಲೇಬೇಕಿತ್ತು. ಆ ಒಬ್ಬರು ಯಾವಾಗಲೂ ನಮ್ಮಮ್ಮನೇ ಆಗಿರುತ್ತಿದ್ದಳು.

ಜ್ವರದ ದಿನಗಳಿಗೆ ಇನ್ನೊಂದು ಕಟ್ಟಳೆ ಇತ್ತು. ಹುಳು ಕೂತಾಗ ಮನೆಯಲ್ಲಿ ಗಲಾಟೆ ಕೂಡದು, ಜೋರು ಮಾತು ಕೂಡದು. ಬೇರೆ ಮನೆಗಳಲ್ಲಿ ಇದೇನೂ ಕಷ್ಟದ ವಿಷಯವಲ್ಲ. ನಮ್ಮ ಮನೆಯಲ್ಲಿ ಕಷ್ಟವಿತ್ತು, ಯಾಕೆಂದರೆ ನಮ್ಮಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಕಿವಿ ಮಂದ. ಪೂರ್ತಿ ಕೇಳುತ್ತಿರಲಿಲ್ಲ ಅಂತಲ್ಲ. ಪಕ್ಕದಲ್ಲೇ ಬಂದು ಹೇಳಿದರೆ ಕೇಳುತ್ತಿತ್ತು, ಇಲ್ಲವೇ ಗಂಟಲು ಹರಿಯುವಂತೆ ಕೂಗಬೇಕಿತ್ತು. ಪಕ್ಕಕ್ಕೆ ಹೋಗಿ ಹೇಳುವುದನ್ನು ಅಜ್ಜಿಯೇ ನಿಷೇಧಿಸಿದ್ದಳು. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ್ದಕ್ಕೆ, ಅಲ್ಲೇ ಕೂತಿದ್ದ ನೆಂಟರ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡಿದ್ದರಂತೆ. ಅತ್ತೆಯ ಕಿವಿಗೆ ಬಾಯಿಟ್ಟ ಸೊಸೆ ಚಾಡಿಯಲ್ಲದೆ ಇನ್ನೇನು ಹೇಳುತ್ತಾಳೆ ಎನ್ನುವುದು ನಮ್ಮ ಕಡೆಯ ತಿಳಿವಳಿಕೆ. ಅಜ್ಜಿ ಅಂದೇ ಹೇಳಿಬಿಟ್ಟಳಂತೆ: "ಗುಸುಗುಸು ನನಗಾಗಲ್ಲಮ್ಮ. ಏನಿದ್ರೂ ದೂರ ನಿಂತ್ಕೊಂಡು ಎಲ್ಲರಿಗೂ ಕೇಳೋ ಹಂಗೆ ಹೇಳು."

ಅಮ್ಮ ಹಾಗೇ ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅತ್ತೇ, ಕಾಫಿ ಆರೋಗ್ತಿದೆ!" ಎಂದರೆ ದೇವಸ್ಥಾನದ ಹತ್ತಿರ ಕೂತವರೂ ತಿರುಗಿ ನೋಡುತ್ತಿದ್ದರು. "ಅತ್ತೇ, ಸ್ನಾನಕ್ಕೆ ನೀರು ಕಾದಿದೆ!" ಎನ್ನುವುದು ಬೀದಿಗೆಲ್ಲ ಬೆಳಗಿನ ಸುದ್ದಿ. ಮಾತಿನ ಅರ್ಥ ಏನೇ ಇರಲಿ, ದೂರದಿಂದ ಕೇಳಿದವರಿಗೆ ಅದು ಜಗಳದ ಹಾಗೇ ಕೇಳುತ್ತಿತ್ತು. "ಹುಳದ ಮನೆ ಸೊಸೆ ಬೆಳಗಾಗೆದ್ದು ಅತ್ತೆ ಮೇಲೆ ಶುರು ಮಾಡ್ತಾಳೆ" ಎಂದು ಬೀದಿಯವರು ಹೇಳಿಕೊಳ್ಳುತ್ತಿದ್ದರು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೂ ಒಂದು ದಿನ ನಿಮ್ಮಮ್ಮ ಜಗಳಗಂಟಿಯಂತೆ ಹೌದೇನೇ ಎಂದು ಕೇಳಿದಳು. ನಾನು ಅವಳ ಜಡೆ ಎಳೆದು ಬೈಸಿಕೊಂಡು ಬಂದೆ. ಈಗಲೂ ಆ ಜಡೆ ಎಳೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಹುಳು ಜ್ವರಕ್ಕೆ ಕೂತ ದಿನ ಕೂಗುವಂತಿಲ್ಲವಲ್ಲ, ಅವತ್ತು ಅಜ್ಜಿಯ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಕೈಸನ್ನೆಯಲ್ಲಿ ಊಟ, ಕೈಸನ್ನೆಯಲ್ಲಿ ಕಾಫಿ. ಅಜ್ಜಿ ಜಗಲಿಯ ಮೂಲೆಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಲೋ ಹುಣಸೆಹಣ್ಣಿನ ಬೀಜ ತೆಗೆಯುತ್ತಲೋ ದಿನವಿಡೀ ಒಬ್ಬಳೇ ಕೂತಿರುತ್ತಿದ್ದಳು.

ಇನ್ನು ಚಿಕ್ಕಪ್ಪ. ಅಪ್ಪ ಎಷ್ಟು ಮೌನಿಯೋ ಅಪ್ಪನ ತಮ್ಮ ಮುನಿರಾಜು ಚಿಕ್ಕಪ್ಪ ಅಷ್ಟು ಬಾಯಿ. ಯಾರನ್ನಾದರೂ ರೇಗಿಸದೆ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮ್ಮನನ್ನು ರೇಗಿಸಲು ಅವನಿಗೆ ಸಿಕ್ಕಿದ್ದು ಅವಳ ತವರಿನ ಸೇತುವೆ. ಅಮ್ಮನ ಊರು ಗೌರಿಬಿದನೂರಿನ ಹತ್ತಿರ, ಉತ್ತರ ಪಿನಾಕಿನಿ ದಡದ ಒಂದು ಹಳ್ಳಿ. ಅವಳ ಮದುವೆಯ ಹೊತ್ತಿಗೆ ನಮ್ಮ ಸೋದರಮಾವನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಅವರ ಮನೆಯವರೆಲ್ಲ ಗೌರಿಬಿದನೂರು ಪೇಟೆಗೆ ಬಂದುಬಿಟ್ಟಿದ್ದರು. ಹೀಗಾಗಿ ಅಮ್ಮ ಹುಟ್ಟಿದ ಹಳ್ಳಿಯನ್ನು ನಮ್ಮ ಮನೆಯವರು ಯಾರೂ ಕಂಡಿರಲಿಲ್ಲ. ಅಮ್ಮ ಮಾತ್ರ ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತಿದ್ದಳು: "ನಮ್ಮೂರಲ್ಲಿ ಹಳೇ ಕಾಲದ ಕಲ್ಲಿನ ಕಮಾನು ಸೇತುವೆ ಇದೆ. ಅದು ಮಾತಾಡುತ್ತೆ."

"ಹೌದೌದು ಅತ್ತಿಗೆ," ಎನ್ನುತ್ತಿದ್ದ ಚಿಕ್ಕಪ್ಪ. "ನಿಮ್ಮೂರಲ್ಲಿ ಸೇತುವೆ ಮಾತಾಡುತ್ತೆ. ನಮ್ಮೂರಲ್ಲಿ ನೀವು ಮಾತಾಡ್ತೀರ. ಎರಡೂ ಆಂಧ್ರದ ಗಡಿ ತನಕ ಕೇಳುತ್ತೆ."

ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆದರೆ ಒಂದು ಸಂಜೆ ಅವಳು ನಗಲಿಲ್ಲ.

ಅದು ಅವರೆಕಾಯಿಯ ಕಾಲ. ಒಂದು ಬೆಳೆಯ ಗೂಡು ಮಾರಿ ಆಗಿತ್ತು, ಮುಂದಿನ ಬೆಳೆಯ ಚಾಕಿ, ಅಂದರೆ ಮರಿ ಹುಳು, ಮನೆಗೆ ಬರಲು ಇನ್ನೂ ಒಂದಷ್ಟು ದಿನ ಇತ್ತು. ಹುಳುವಿನ ಮನೆ ತೊಳೆದು ಸುಣ್ಣ ಬಳಿದಿದ್ದೆವು. ಬಿದಿರಿನ ತಟ್ಟೆಗಳು, ಗೂಡು ಕಟ್ಟಿಸುವ ಚಂದ್ರಿಕೆಗಳು ಬೀದಿಯ ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು. ಬ್ಲೀಚಿಂಗ್ ಪೌಡರಿನ ಘಾಟೂ ಹೊಸ ಅವರೆಕಾಯಿಯ ಸೊಗಡೂ ಸೇರಿದ ಒಂದು ವಾಸನೆ ಮನೆಯಲ್ಲೆಲ್ಲ ತುಂಬಿತ್ತು. ನನಗೆ ಇವತ್ತಿಗೂ ರಜ ಎಂದರೆ ಅದೇ ವಾಸನೆ. ಜಗಲಿಯಲ್ಲಿ ಎಲ್ಲರೂ ಕೂತು ಕಾಯಿ ಸುಲಿಯುತ್ತಿದ್ದಾಗ ಚಿಕ್ಕಪ್ಪ ಮತ್ತೆ ಸೇತುವೆಯ ಮಾತೆತ್ತಿದ. ಅಮ್ಮ ಮೊರವನ್ನು ಪಕ್ಕಕ್ಕಿಟ್ಟು ಸೆರಗು ಸಿಕ್ಕಿಸಿಕೊಂಡಳು.

"ಬಾ ಮುನಿರಾಜು, ತೋರಿಸೇಬಿಡ್ತೀನಿ. ಅದು ಮಾತಾಡದಿದ್ರೆ ಮುಂದಿನ ಬೆಳೆ ಪೂರ್ತಿ ಹುಳದ ಕಸ ನಾನೊಬ್ಬಳೇ ತೆಗೀತೀನಿ. ಇನ್ಮೇಲೆ ತವರಿನ ಹೆಸರೂ ಎತ್ತಲ್ಲ. ಮಾತಾಡಿದ್ರೆ?"

"ಮಾತಾಡಿದ್ರೆ ಕಸ ನಂದು," ಎಂದ ಚಿಕ್ಕಪ್ಪ, ಗೆದ್ದೇಬಿಟ್ಟವನ ಠೀವಿಯಲ್ಲಿ.

ಹುಳುವಿನ ಕಸ ಅಂದರೆ ಸುಮ್ಮನೆ ಅಲ್ಲ. ಹುಳು ದೊಡ್ಡದಾದ ಮೇಲೆ ತಟ್ಟೆ ತಟ್ಟೆಯ ಹಿಕ್ಕೆ, ತಿಂದುಳಿದ ಕಡ್ಡಿ, ಬಾಡಿದ ಸೊಪ್ಪು ಎಲ್ಲ ಬಾಚಿ ಬುಟ್ಟಿಗಟ್ಟಲೆ ತಿಪ್ಪೆಗೆ ಹೊರಬೇಕು. ಬೆನ್ನು ಬಿದ್ದುಹೋಗುತ್ತದೆ. ಆದರೆ ಅಮ್ಮ ಪಣಕ್ಕಿಟ್ಟದ್ದರಲ್ಲಿ ಕಸ ದೊಡ್ಡದಲ್ಲ ಎನ್ನುವುದು ನನಗೂ ಗೊತ್ತಾಗಿತ್ತು. ತವರಿನ ಹೆಸರು ಎತ್ತಬಾರದು ಎಂದರೆ ಅವಳ ಬಳಿ ಹೇಳಿಕೊಳ್ಳಲು ಇನ್ನೇನು ಉಳಿಯುತ್ತಿತ್ತು?

ಗಾಡಿ ಕೊಟ್ಟಿದ್ದು ಅನ್ವರಣ್ಣ. ಶಿಡ್ಲಘಟ್ಟದಲ್ಲಿ ಅವನದು ನೂಲು ತೆಗೆಯುವ ಕಾರ್ಖಾನೆ, ಗೂಡು ಸಾಗಿಸಲು ಒಂದು ಬಿಳಿ ಟೆಂಪೋ. ನಮ್ಮ ಗೂಡು ಅವನಿಗೆ ಅಚ್ಚುಮೆಚ್ಚು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಯೇ ಇದು ಎಂಥ ಗೂಡು ಎಂದು ಹೇಳುತ್ತಿದ್ದ. ಪಣದ ವಿಷಯ ಕೇಳಿ ನಕ್ಕು, "ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ತೀರ್ಪು ಯಾರು ಕೊಡ್ತಾರೆ?" ಎಂದ.

"ನೀನೇ ಕೊಡಪ್ಪ," ಎಂದ ಅಪ್ಪ. "ನಮ್ಮಲ್ಲಿ ಕಿವಿ ಸರಿಯಾಗಿರೋನು ನೀನೊಬ್ಬನೇ."

ನಮ್ಮ ಮನೆಯವರೆಲ್ಲ ಒಟ್ಟಿಗೆ, ಮನೆಗೆ ಬೀಗ ಹಾಕಿಕೊಂಡು ಹೊರಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಬೀಗ ಎಲ್ಲಿದೆ ಎಂದು ಹುಡುಕುವುದಕ್ಕೇ ಬೆಳಗಿನ ಅರ್ಧ ಹೊತ್ತು ಹೋಯಿತು. ಅಮ್ಮ ಕತ್ತಲಲ್ಲೇ ಎದ್ದು ಅವರೆಕಾಳು ಉಪ್ಪಿಟ್ಟು, ಹುಣಸೆಹುಳಿ ಚಿತ್ರಾನ್ನ, ಮೊಸರನ್ನ ಕಟ್ಟಿದ್ದಳು. ಅಜ್ಜಿ ಮುಂದಿನ ಸೀಟಿನಲ್ಲಿ ಅನ್ವರಣ್ಣನ ಪಕ್ಕ. ಉಳಿದವರೆಲ್ಲ ಹಿಂದೆ, ಜಮಖಾನ ಹಾಸಿಕೊಂಡು. ಟೆಂಪೋದೊಳಗೆ ಹಸಿ ಗೂಡಿನ ವಾಸನೆ ಮೆತ್ತಿಕೊಂಡಿತ್ತು. ನಮಗೆ ಅದು ವಾಸನೆ ಎಂದೇ ಅನಿಸುತ್ತಿರಲಿಲ್ಲ.

ಸೇತುವೆ ನೋಡುವುದೇ ಆದರೆ ನಮ್ಮ ಕಡೆಯದನ್ನೂ ನೋಡಿಬಿಡಿ ಎಂದು ಚಿಕ್ಕಪ್ಪ ಮೊದಲು ಶಿಡ್ಲಘಟ್ಟ ದಾಟಿಸಿ ಚಿಂತಾಮಣಿ ದಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಹಳ್ಳದ ಮೇಲೆ ಚಿಕ್ಕ ರೈಲಿನ ಕಬ್ಬಿಣದ ಸೇತುವೆ. ರೈಲು ನಿಂತುಹೋಗಿತ್ತು, ಕಂಬಿ ತುಕ್ಕು ಹಿಡಿದು ಕೆಂಪಾಗಿತ್ತು. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು, ತಾನೇ ಕಟ್ಟಿಸಿದವನ ಹಾಗೆ ವರ್ಣಿಸಿದ. "ಇದರ ಮೇಲೆ ರೈಲು ಎಷ್ಟು ನಿಧಾನ ಹೋಗ್ತಿತ್ತು ಗೊತ್ತಾ ಅಮ್ಮಣ್ಣಿ? ಇಳಿದು ಹುಣಸೆಕಾಯಿ ಕಿತ್ಕೊಂಡು ಮತ್ತೆ ಹತ್ತಬಹುದಾಗಿತ್ತು." ಅಮ್ಮಣ್ಣಿ ಅಂದರೆ ನಾನು. ನಾನು ಕಂಬಿಗೆ ಕಲ್ಲಿನಿಂದ ಬಡಿದೆ. ಠಣ್ಣೆಂದು ಸದ್ದು ಆ ತುದಿಯವರೆಗೂ ಓಡಿತು.

"ನೋಡಿ, ನಮ್ಮದೂ ಮಾತಾಡ್ತು," ಎಂದ ಚಿಕ್ಕಪ್ಪ.

"ಹೊಡೆದ್ರೆ ಯಾರಾದ್ರೂ ಮಾತಾಡ್ತಾರೆ," ಎಂದಳು ಅಮ್ಮ. ಅನ್ವರಣ್ಣ ಬಿದ್ದು ಬಿದ್ದು ನಕ್ಕ.

ಅಲ್ಲಿಂದ ತಿರುಗಿ ಚಿಕ್ಕಬಳ್ಳಾಪುರದ ಕಡೆ. ದಾರಿಯಲ್ಲಿ ಎಷ್ಟು ಸೇತುವೆ ಬರುತ್ತವೆ ಎಣಿಸುವ ಆಟ ನನಗೂ ಚಿಕ್ಕಪ್ಪನಿಗೂ. ಅವನು ರಸ್ತೆಯ ಅಡಿಯ ಮೋರಿಗಳನ್ನೂ ಸೇತುವೆ ಎಂದು ಎಣಿಸುತ್ತಿದ್ದ. ನೀರು ಹೋದರೆ ಸೇತುವೆ, ಹೋಗದಿದ್ದರೆ ಮೋರಿ ಎಂದು ನಾನು ವಾದಿಸಿದೆ. "ಹಂಗಾದ್ರೆ ನಮ್ಮ ಜಿಲ್ಲೆಯಲ್ಲಿ ಸೇತುವೆನೇ ಇಲ್ಲ ಬಿಡು," ಎಂದ. ಅದೂ ನಿಜವೇ. ನಮ್ಮ ಕಡೆ ಸೇತುವೆಯ ಕೆಳಗೆ ನೀರು ಕಂಡ ವರ್ಷವನ್ನು ಜನ ನೆನಪಿಟ್ಟುಕೊಂಡಿರುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಕೊಂಡೆವು, ಟೀ ಕುಡಿದೆವು. ಮುದ್ದೇನಹಳ್ಳಿಗೆ ತಿರುಗುವ ದಾರಿ ಬಂದಾಗ ಚಿಕ್ಕಪ್ಪ ಎದ್ದು ನಿಂತು ಆ ಕಡೆಗೆ ಕೈಮುಗಿದ. "ದೊಡ್ಡ ಇಂಜಿನಿಯರು ಹುಟ್ಟಿದೂರು. ಅತ್ತಿಗೆ ಊರಿನ ಸೇತುವೆ ಬಿದ್ದೋಗಿರದಿದ್ರೆ ಸಾಕಪ್ಪ ಅಂತ ಕೇಳ್ಕೊಂಡೆ."

ಅಮ್ಮ ಮಂಚೇನಹಳ್ಳಿ ದಾಟಿದ ಮೇಲೆ ಟೆಂಪೋದ ಹಿಂಬಾಗಿಲ ಸಂದಿಯಿಂದ ಹೊರಗೆ ನೋಡುತ್ತ, ಕೊರಳಿನ ಸರದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಕೊನೆಗೂ ಅವಳ ಊರು ಬಂತು. ಸೇತುವೆಯೂ ಬಂತು. ನನಗೆ ಅಳು ಬರುವ ಹಾಗಾಯಿತು. ಬಸ್ಸು ಲಾರಿಗಳೆಲ್ಲ ಹೋಗುತ್ತಿದ್ದದ್ದು ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟಿದ ಕಾಂಕ್ರೀಟ್ ಸೇತುವೆಯ ಮೇಲೆ. ಹಳೆಯದು ಅದರ ಪಕ್ಕ, ಕೆಳಗೆ, ಬಳ್ಳಾರಿ ಜಾಲಿಯ ನಡುವೆ ಕುಗ್ಗಿಕೊಂಡು ನಿಂತಿತ್ತು. ಮೇಲೆ ಕಟ್ಟೆಯ ಕಲ್ಲು ಅಲ್ಲಲ್ಲಿ ಉದುರಿತ್ತು. ಕಮಾನುಗಳ ಬುಡವನ್ನು ಮರಳು ಮುಚ್ಚಿಕೊಂಡಿತ್ತು. ಹೊಳೆಯಲ್ಲಿ ನೀರಿರಲಿಲ್ಲ, ಮೇಕೆಗಳಿದ್ದವು. ಅಮ್ಮ ಹೇಳಿದ್ದನ್ನು ಕೇಳಿ ಕೇಳಿ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಸೇತುವೆ ಇದರ ಹತ್ತರಷ್ಟಿತ್ತು.

"ಇದೇನಾ ಅತ್ತಿಗೆ?" ಎಂದ ಚಿಕ್ಕಪ್ಪ. ರೇಗಿಸಲಿಲ್ಲ, ನಿಜವಾಗಿಯೇ ಕೇಳಿದ. ಅದು ಇನ್ನೂ ಕೆಟ್ಟದಾಗಿತ್ತು.

"ಇದೇ," ಎಂದಳು ಅಮ್ಮ. "ಕೆಳಗೆ ಬನ್ನಿ."

ನಡುವಿನ ದೊಡ್ಡ ಕಮಾನಿನ ಕೆಳಗೆ ಎಲ್ಲರೂ ಇಳಿದೆವು. ಒಳಗೆ ತಂಪು. ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲ. ಈ ಬದಿಯ ಬುಡದಿಂದ ಹೊರಟ ಕಲ್ಲು ತಲೆಯ ಮೇಲೆ ಗುಂಡಗೆ ಬಾಗಿ ಆ ಬದಿಯ ಬುಡಕ್ಕೆ ಇಳಿದಿತ್ತು. ಅಜ್ಜಿಗೆ ಈ ಪಣ ಗಿಣದಲ್ಲಿ ಆಸಕ್ತಿ ಇರಲಿಲ್ಲ. ಆ ಬದಿಯ ಬುಡದಲ್ಲಿ ನೆರಳು ನೋಡಿಕೊಂಡು, ಕಲ್ಲಿಗೆ ತಲೆ ಒರಗಿಸಿ ಕೂತುಬಿಟ್ಟಳು. ಅಮ್ಮ ಅಪ್ಪನನ್ನು ಅಜ್ಜಿಯ ಪಕ್ಕ ನಿಲ್ಲಿಸಿ, ತಾನು ಈ ಬದಿಗೆ ಬಂದಳು. ಚಿಕ್ಕಪ್ಪ, ಅನ್ವರಣ್ಣ ನಡುವೆ ನಿಂತರು.

"ಇಲ್ಲಿ ಮಾತಾಡಿದ್ರೆ ಅಲ್ಲಿ ಕಿವಿ ಪಕ್ಕ ನಿಂತು ಹೇಳ್ದಂಗೆ ಕೇಳುತ್ತೆ," ಎಂದು ವಿವರಿಸಿ, ಎದೆ ತುಂಬ ಉಸಿರೆಳೆದುಕೊಂಡು ಅಮ್ಮ ಕೂಗಿದಳು: "ರೀ! ಕೇಳಿಸ್ತಾ?"

ಕಮಾನು ಗೊಳ್ಳೆಂದಿತು. ಒಂದರ ಮೇಲೊಂದು ಸದ್ದು ಬಿದ್ದು, ಅಪ್ಪ ಎರಡೂ ಕಿವಿ ಮುಚ್ಚಿಕೊಂಡ. ಮೇಕೆಗಳು ದಿಕ್ಕಾಪಾಲು ಓಡಿದವು.

ಚಿಕ್ಕಪ್ಪ ಅನ್ವರಣ್ಣನ ಕಡೆ ತಿರುಗಿದ. "ಇದು ಸೇತುವೆ ಮಾತಾ, ಅತ್ತಿಗೆ ಮಾತಾ? ನೀನೇ ಹೇಳಪ್ಪ. ಇದು ಗೌರಿಬಿದನೂರು ಬಸ್ ಸ್ಟ್ಯಾಂಡಿಗೂ ಕೇಳಿಸಿರುತ್ತೆ."

ಅಮ್ಮ ಮತ್ತೆ ಕೂಗಿದಳು. ಇನ್ನೂ ಜೋರಾಗಿ ಕೂಗಿದಳು. ಪ್ರತಿ ಸಲವೂ ಗೊಳ್ಳೆನ್ನುವ ಸದ್ದು, ಅದರಲ್ಲಿ ಒಂದು ಅಕ್ಷರವೂ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಮಾತು ಕೇಳಿಸಬೇಕೆಂದರೆ ಕೂಗಬೇಕು. ಇಷ್ಟು ವರ್ಷ ಆ ಮನೆಯಲ್ಲಿದ್ದ ಅಮ್ಮನಿಗೆ ಬೇರೆ ದಾರಿ ಇದೆ ಎನ್ನುವುದೇ ಮರೆತುಹೋಗಿತ್ತು. ಅಪ್ಪನಿಗೆ ಹೊಳೆಯಲಿಲ್ಲ, ಚಿಕ್ಕಪ್ಪನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬೇರೆ ಯಾವ ಮನೆಯವರಾದರೂ ಇಂಥ ತಪ್ಪು ಮಾಡುತ್ತಿದ್ದರೋ ಇಲ್ಲವೋ.

"ಚಿಕ್ಕಂದಿನಲ್ಲಿ ಕೇಳಿಸ್ತಿತ್ತು," ಎಂದಳು ಅಮ್ಮ. ಅವಳ ಮುಖ ಕೆಂಪಾಗಿತ್ತು. "ನಿಜವಾಗ್ಲೂ ಕೇಳಿಸ್ತಿತ್ತು."

"ಹೋಗ್ಲಿ ಬಿಡಿ ಅತ್ತಿಗೆ. ಊಟ ಮಾಡಣ," ಎಂದ ಚಿಕ್ಕಪ್ಪ. ಗೆದ್ದವನಿಗೂ ಖುಷಿಯಿರಲಿಲ್ಲ. ಅನ್ವರಣ್ಣ ಕಾಲ ಬೆರಳಿನಿಂದ ಮರಳು ಕೆದಕುತ್ತ ನಿಂತ. ಅಪ್ಪ ಟೆಂಪೋದಿಂದ ಬುತ್ತಿಯ ಚೀಲ ತಂದು ಅಮ್ಮನ ಮುಂದಿಟ್ಟ. ಅಮ್ಮ ಅಲ್ಲೇ ಈ ಬದಿಯ ಬುಡದಲ್ಲಿ ಕುಸಿದು ಕೂತು, ಮುಖ ಯಾರಿಗೂ ಕಾಣದಿರಲೆಂದು ಗೋಡೆಯ ಕಡೆ ತಿರುಗಿಕೊಂಡಳು. ನಾನು ಅವಳ ಮಗ್ಗುಲಿಗೆ ಅಂಟಿಕೊಂಡು ಕೂತೆ. ಅವಳು ಕಣ್ಣೊರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆಯುತ್ತ, ನನಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿದಳು: "ಅಜ್ಜಿಗೆ ಹಸಿವಾಗಿರ್ಬೇಕು ಅಮ್ಮಣ್ಣಿ. ಮೊದಲು ಅವರಿಗೆ ಕೊಡು. ಅವರೆಕಾಳು ಮೆತ್ತಗಿರೋದು ನೋಡಿ ಹಾಕು, ಅವರಿಗೆ ಹಲ್ಲು ನೋವು."

"ಹೂಂ ಕಣಮ್ಮ, ಹಸಿವಾಗ್ತಿದೆ," ಎಂದಳು ಆ ಬದಿಯಿಂದ ಅಜ್ಜಿ. "ಮೆತ್ತಗಿರೋದೇ ಹಾಕು."

ಅಮ್ಮನ ಕೈಯಲ್ಲಿ ಮುಚ್ಚಳ ಹಾಗೇ ನಿಂತಿತು. ಎರಡು ಗಾಡಿಯ ಅಗಲದಾಚೆ ಕೂತ, ಪಕ್ಕದ ಕೋಣೆಯಲ್ಲಿ ಪಾತ್ರೆ ಬಿದ್ದರೂ ಕೇಳದ ನಮ್ಮಜ್ಜಿ ತಲೆಯೆತ್ತಿ ತನ್ನ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಹತ್ತಿರ ಯಾರೂ ಇರಲಿಲ್ಲ.

"ಯಾರೇ ಅದು, ನನ್ನ ಕಿವಿ ಹತ್ರ ಮಾತಾಡಿದ್ದು?"

ಅಮ್ಮ ಗೋಡೆಗೆ ಇನ್ನಷ್ಟು ಹತ್ತಿರ ಸರಿದಳು. ಕಲ್ಲಿಗೆ ಬಾಯಿಟ್ಟು, ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಹೇಳಿದಳು. "ನಾನು ಅತ್ತೆ."

"ನಾನು ಅಂದ್ರೆ ಯಾರಮ್ಮ?"

"ಲಲಿತ."

ಅಜ್ಜಿ ಅಂಗೈಯನ್ನು ಆ ಕಲ್ಲಿನ ಮೇಲೆ ಇಟ್ಟಳು, ಬಿಸಿ ಇದೆಯೋ ತಣ್ಣಗಿದೆಯೋ ನೋಡುವವಳ ಹಾಗೆ. "ಲಲಿತನಾ? ನಿನ್ನ ದನಿ ಹಿಂಗಿದೆಯಾ? ಇಷ್ಟು ಮೆತ್ತಗಿದೆಯಾ?" ಎಂದಳು. "ಇಷ್ಟು ವರ್ಷ ಒಂದೇ ಮನೇಲಿದ್ದೀವಿ, ನನಗೆ ಗೊತ್ತೇ ಆಗ್ಲಿಲ್ವಲ್ಲೇ."

ಅಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅವಳ ಪಕ್ಕದಲ್ಲೇ ಇದ್ದದ್ದರಿಂದ ಅವಳು ಮುಂದೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಅತ್ತೆ, ನಾನು ನಿಮ್ಮ ಮೇಲೆ ಯಾವತ್ತೂ ಕೂಗಾಡಿಲ್ಲ. ನಿಮಗೆ ಕೇಳಿಸಲಿ ಅಂತ ಕೂಗ್ತಿದ್ದೆ, ಅಷ್ಟೇ."

"ಬಾಗಾ ಇನ್ಪಿಸ್ತಾಂದಮ್ಮ," ಎಂದಳು ಅಜ್ಜಿ. ಅವಳ ತವರು ಗಡಿಯ ತೆಲುಗು ಸೀಮೆ. ತುಂಬ ಸಂತೋಷವಾದಾಗ ಮಾತ್ರ ಬಾಯಿಗೆ ತೆಲುಗು ಬರುತ್ತಿತ್ತು. ಚೆನ್ನಾಗಿ ಕೇಳಿಸ್ತಿದೆಯಮ್ಮ ಎಂದು ಅದರ ಅರ್ಥ. ಮತ್ತೆ ಹೇಳಿದಳು, "ಬಾಗಾ ಇನ್ಪಿಸ್ತಾಂದಿ." ಆಮೇಲೆ ನಡುವೆ ನಿಂತಿದ್ದ ಮಗನ ಕಡೆ ತಿರುಗಿ, ಕನ್ನಡದಲ್ಲಿ, ಊರಿಗೆಲ್ಲ ಕೇಳುವಂತೆ ಗುಡುಗಿದಳು: "ಮುನಿರಾಜ, ಬುಟ್ಟಿ ತಗೊಳ್ಳೋ."

"ಇನ್ನು ನನ್ನ ತೀರ್ಪು ಯಾಕೆ?" ಎಂದ ಅನ್ವರಣ್ಣ. ಆದರೂ ಅವನು ಕರ್ತವ್ಯ ಬಿಡಲಿಲ್ಲ. ಎರಡೂ ಬದಿಗೆ ಹೋಗಿ ಕೂತು, ಗೂಡು ಪರೀಕ್ಷಿಸುವಾಗಿನ ಹಾಗೆ ಕಣ್ಣುಮುಚ್ಚಿ, ತಲೆ ವಾರೆ ಮಾಡಿ ಕೇಳಿದ. ಎದ್ದು ಬಂದು ಅಮ್ಮನಿಗೆ ಸಲಾಮು ಮಾಡಿದ. "ಒಂದನೇ ನಂಬರ್ ಸೇತುವೆ ಅಕ್ಕ. ಇದರ ಮುಂದೆ ರೈಲು ಸೇತುವೆ ಬರೀ ಗುಜರಿ."

ಅವತ್ತಿನ ಮಧ್ಯಾಹ್ನದಂಥ ಮಧ್ಯಾಹ್ನ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಅಜ್ಜಿ ಆ ಕಲ್ಲಿನಿಂದ ಏಳಲು ಒಪ್ಪಲೇ ಇಲ್ಲ. ಅಲ್ಲೇ ಕೂತು ಉಂಡಳು, ಅಲ್ಲೇ ಕೂತು ದ್ರಾಕ್ಷಿ ತಿಂದಳು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಎದುರು ಬದಿಗೆ ಕಳಿಸಿ ಮಾತಾಡಿಸಿದಳು. ನಾನು ಮಗ್ಗಿ ಹೇಳಿದೆ. "ಹದಿಮೂರರದು ತಪ್ಪು ಕಣೇ," ಎಂದು ತಿದ್ದಿದಳು. ಅಪ್ಪ ಗೋಡೆಗೆ ಮುಖ ಮಾಡಿ ಕೂತು "ಅಮ್ಮ" ಎಂದ, ಅಷ್ಟೇ. "ಏನಪ್ಪಾ" ಎಂದಳು ಅಜ್ಜಿ. ಅವರಿಬ್ಬರ ಸಂಭಾಷಣೆ ಅಲ್ಲಿಗೆ ಮುಗಿಯಿತು, ಆದರೆ ಅಪ್ಪ ಎದ್ದು ಬಂದಾಗ ಮುಖದಲ್ಲಿ ಹಬ್ಬವಿತ್ತು. ಚಿಕ್ಕಪ್ಪ ಹೋಗಿ, ಕಸದಲ್ಲಿ ಅರ್ಧವನ್ನಾದರೂ ಬಿಡಿಸಿಕೊಡು ಎಂದು ಪಿಸುಗುಟ್ಟಿದ. "ಅದೊಂದು ಮಾತ್ರ ಕೇಳಿಸ್ತಿಲ್ಲಪ್ಪ," ಎಂದಳು ಅಜ್ಜಿ.

ಆಮೇಲೆ ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿ ಅಟ್ಟಿದಳು. ನಾವು ದೂರದ ಮರಳಿನಲ್ಲಿ ಗುಡಿ ಕಟ್ಟುತ್ತ, ಮೇಕೆ ಕಾಯುವ ಹೆಂಗಸಿನ ಜೊತೆ ಮಾತಾಡುತ್ತ ಕಾದೆವು. ಕಮಾನಿನ ಒಂದು ಬುಡದಲ್ಲಿ ಅತ್ತೆ, ಇನ್ನೊಂದು ಬುಡದಲ್ಲಿ ಸೊಸೆ, ಇಬ್ಬರೂ ಗೋಡೆಗೆ ಮುಖ ಮಾಡಿಕೊಂಡು ಬಿಸಿಲು ಇಳಿಯುವವರೆಗೂ ಮಾತಾಡಿದರು. ಏನು ಮಾತಾಡಿದರೋ ಅಮ್ಮ ಇವತ್ತಿಗೂ ಪೂರ್ತಿ ಹೇಳಿಲ್ಲ. ಒಮ್ಮೊಮ್ಮೆ ಅಜ್ಜಿಯ ನಗು ಮಾತ್ರ ನಮಗೂ ಕೇಳುತ್ತಿತ್ತು. ಅಜ್ಜಿ ಹಾಗೆ ನಗಬಲ್ಲಳು ಎಂದು ಅಪ್ಪನಿಗೂ ಗೊತ್ತಿರಲಿಲ್ಲವಂತೆ.

ವಾಪಸು ಬರುವಾಗ ಅಜ್ಜಿ ಮುಂದಿನ ಸೀಟು ಬೇಡವೆಂದಳು. ಹಿಂದೆ ಜಮಖಾನದ ಮೇಲೆ ಅಮ್ಮನ ಪಕ್ಕ ಕೂತಳು. ಟೆಂಪೋದ ಸದ್ದಿನಲ್ಲಿ ಅಮ್ಮ ಏನೋ ಕೂಗಿ ಹೇಳಲು ಹೋದಾಗ, ಅಜ್ಜಿ ಅವಳ ಭುಜ ಹಿಡಿದು ಎಳೆದುಕೊಂಡಳು. "ಕಿವಿ ಹತ್ರ ಬಂದು ಹೇಳು. ಚಾಡಿ ಅಂದ್ಕೊಳ್ಳೋರು ಅಂದ್ಕೊಳ್ಳಲಿ." ತಾನೇ ಹಾಕಿದ್ದ ನಿಷೇಧವನ್ನು ಅಜ್ಜಿ ಹೀಗೆ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ತಾನೇ ತೆಗೆದುಹಾಕಿದಳು.

ಮುಂದಿನ ಬೆಳೆ ನಮ್ಮ ಮನೆಯ ಇತಿಹಾಸದಲ್ಲೇ ಸೊಗಸಾದ ಬೆಳೆ. ಚಿಕ್ಕಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಬುಟ್ಟಿ ಬುಟ್ಟಿ ಕಸ ಹೊತ್ತ. ಬೀದಿಯವರು ಏನಪ್ಪ ಇದು ಎಂದು ಕೇಳಿದರೆ, "ನಮ್ಮತ್ತಿಗೆ ಊರಿನ ಸೇತುವೆ ಕೊಟ್ಟ ಶಿಕ್ಷೆ" ಎನ್ನುತ್ತಿದ್ದ. ಹುಳು ಜ್ವರಕ್ಕೆ ಕೂತ ದಿನ ಮನೆ ಎಂದಿನಂತೆ ನಿಶ್ಶಬ್ದವಾಯಿತು. ಆದರೆ ಅಜ್ಜಿ ಜಗಲಿಯ ಮೂಲೆಯಲ್ಲಿ ಒಬ್ಬಳೇ ಕೂರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಕೆನ್ನೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ, ಅವರೆಕಾಯಿ ಸುಲಿಯುತ್ತ ಮೆಲ್ಲಗೆ ಮಾತಾಡುತ್ತಿದ್ದಳು. ಒಂದು ಹುಳುವೂ ತಲೆ ಅಲ್ಲಾಡಿಸಲಿಲ್ಲ.

ತಮಾಷೆಯೆಂದರೆ, ನಮ್ಮ ಮನೆಯಿಂದ ಕೂಗು ಕೇಳುವುದು ನಿಂತಿದ್ದಕ್ಕೆ ಬೀದಿಯವರಿಗೆ ಗಾಬರಿಯಾಯಿತು. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂದು ಸುದ್ದಿ ಹಬ್ಬಿತು. ಮೂಲೆಮನೆಯ ಹಿರಿಯಮ್ಮ ರಾಜಿ ಮಾಡಿಸಲು ಬಂದೇಬಿಟ್ಟಳು. ಬಂದು ನೋಡಿದರೆ ಇಬ್ಬರೂ ತಲೆಗೆ ತಲೆ ಕೊಟ್ಟುಕೊಂಡು ನಗುತ್ತ ಕೂತಿದ್ದಾರೆ. ಮರುದಿನ ಸ್ಕೂಲಿನಲ್ಲಿ ನನ್ನ ಪಕ್ಕದ ಹುಡುಗಿಗೆ ನಾನು ಇದನ್ನು ಸವಿಸ್ತಾರವಾಗಿ ಹೇಳಿದೆ. ಜಡೆ ಎಳೆಯುವ ಅಗತ್ಯ ಬೀಳಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕೊನೆಯ ದಿನಗಳಲ್ಲಿ ಯಾರ ಮಾತೂ ಅವಳಿಗೆ ಕೇಳುತ್ತಿರಲಿಲ್ಲ, ಅಮ್ಮನದೊಂದನ್ನು ಬಿಟ್ಟು. ಅನ್ವರಣ್ಣನ ಬಿಳಿ ಟೆಂಪೋ ಗುಜರಿಗೆ ಹೋಯಿತು. ಚಿಕ್ಕ ರೈಲಿನ ದಾರಿಯಲ್ಲಿ ಈಗ ದೊಡ್ಡ ರೈಲು ಓಡುತ್ತದೆ, ಹುಣಸೆಕಾಯಿ ಕೀಳಲು ಅದು ಯಾರಿಗೂ ಕಾಯುವುದಿಲ್ಲ. ನಾನು ಚಿಂತಾಮಣಿಯಲ್ಲಿ ಸ್ಕೂಲ್ ಟೀಚರಾಗಿದ್ದೇನೆ. ಹೋದ ವರ್ಷ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳ ಹಳ್ಳಿಗೆ ಹೋಗಿದ್ದೆ. ರಸ್ತೆ ಅಗಲವಾಗಿತ್ತು. ಹಳೇ ಸೇತುವೆ ಇರಲಿಲ್ಲ. ಜಾಲಿಯ ನಡುವೆ ಕಮಾನಿನ ಒಂದು ಬುಡ ಮಾತ್ರ ಉಳಿದಿತ್ತು. ಎದುರಿನ ಬುಡವಿಲ್ಲದೆ ಅದೊಂದು ಬರೀ ಕಲ್ಲು. ಅಮ್ಮ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ನನಗೆ ದುಃಖ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಗಾಡಿಯಿದೆ, ಆದರೆ ಬೀಗ ಹುಡುಕಿ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಹೊರಟದ್ದು ಆ ಭಾನುವಾರ ಒಂದೇ.

ಮೇಲೂರಿನ ಮನೆಯಲ್ಲಿ ಈಗ ನನ್ನ ತಮ್ಮನ ಸಂಸಾರ. ಅವನು ಆ ಪ್ರಯಾಣವಾದ ಮೇಲೆ ಹುಟ್ಟಿದವನು, ಹೋದ ಬೇಸಿಗೆಯಲ್ಲಿ ಮದುವೆಯಾಯಿತು. ಅಮ್ಮನಿಗೂ ಈಗ ಕಿವಿ ಮಂದವಾಗುತ್ತಿದೆ. ಮೊನ್ನೆ ನಾನು ಹೋದಾಗ ಹೊಸ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೇ, ಊಟಕ್ಕೆ ಬನ್ನಿ!" ಎಂದು ಕೂಗಿದಳು. ಪಾಪ, ಕತ್ತಿನ ನರ ಉಬ್ಬಿತ್ತು. ಎದುರುಮನೆಯವರು ಕಿಟಕಿಯಿಂದ ಇಣುಕಿದರು. ಅಮ್ಮ ಕೂಗು ಕೇಳಿ ತಲೆ ಎತ್ತಿದಳು, ಏಳಲಿಲ್ಲ. ಜಗಲಿಯ ಮೇಲೆ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಇಲ್ಲಿ ಬಾರಮ್ಮ, ಹತ್ರ ಕೂತ್ಕೊಂಡು ಇನ್ನೊಂದ್ಸಲ ಮೆತ್ತಗೆ ಹೇಳು," ಎಂದಳು. "ನಿನ್ನ ದನಿ ಹೆಂಗಿದೆ ಅಂತ ನಾನು ಕೇಳಿಸ್ಕೋಬೇಕು."